ಸವದತ್ತಿ ಬಂಡಲ್ ಮತ್ತು ನಾಲ್ಕು ಸಾಲಿನ ತಿದ್ದುಪಡಿ

2008ರ ಜೂನ್ 9, ಸೋಮವಾರ, ಬೆಳಿಗ್ಗೆ ಹತ್ತೂವರೆಗೆ ನಾನು ಹಳೆಯ ಸುದ್ದಿಗಳ ಸವದತ್ತಿ ಬಂಡಲ್‌ನ ನಾಲ್ಕನೇ ಆವೃತ್ತಿಯನ್ನು ನಮ್ಮ ಪತ್ರಿಕೆಯ ಸರ್ವರ್‌ಗೆ ಹಾಕಿದೆ. ಹನ್ನೆರಡು ವರ್ಷಗಳ ಹಿಂದೆಯೇ ತಪ್ಪೆಂದು ನಾವು ಅಚ್ಚು ಹಾಕಿ ಒಪ್ಪಿಕೊಂಡಿದ್ದ ಒಂದು ಸುದ್ದಿ ಹನ್ನೊಂದರ ಹೊತ್ತಿಗೆ ತಿದ್ದುಪಡಿಯಿಲ್ಲದೆ ನಮ್ಮ ಅಂತರ್ಜಾಲ ತಾಣದಲ್ಲಿ ಮೂರನೇ ಸಲ ಕಾಣಿಸಿಕೊಂಡಿತು. ಅದೇ ದಿನ ಮಧ್ಯಾಹ್ನ ಯರಗಟ್ಟಿಯ ಒಂದು ಖಾಸಗಿ ಶಾಲೆಯ ಆಡಳಿತ ಮಂಡಳಿಯವರು ಆ ಸುದ್ದಿಯನ್ನು ತೆರೆದು ನೋಡಿದರು.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಂಡಲ್ ಕಟ್ಟುವುದು ಹೇಗೆ ಎಂಬುದನ್ನು ನಿಮಗೆ ಯಾರಾದರೂ ಕಲಿಸುತ್ತಾರೆ. ಅದರೊಳಗಿನ ಒಂದು ಸಾಲನ್ನು ನೋಡದೆ ನಕಲು ಮಾಡಿದರೆ ಏನಾಗುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ. ಅದು ನೆಪವಲ್ಲ, ನಡೆದದ್ದು ಹಾಗೆ.

ನಮ್ಮದು ಬೈಲಹೊಂಗಲದಿಂದ ಹೊರಡುತ್ತಿದ್ದ ಸಣ್ಣ ದಿನಪತ್ರಿಕೆ. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಒಂದೊಂದು ಕೋಣೆಯ ಶಾಖೆಗಳಿದ್ದವು. ನಾನು 1991ರಲ್ಲಿ ದಾಖಲೆ ಕೋಣೆಗೆ ಸಹಾಯಕನಾಗಿ ಸೇರಿದೆ. ಹಳೆಯ ಸಂಚಿಕೆಗಳನ್ನು ಆರಾರು ತಿಂಗಳಿಗೆ ಒಂದರಂತೆ ರಟ್ಟು ಕಟ್ಟಿಸಿ ಇಡುವುದು, ಕೇಳಿದವರಿಗೆ ಹುಡುಕಿ ಕೊಡುವುದು ನನ್ನ ಕೆಲಸವಾಗಿತ್ತು. ಪ್ರತಿ ಸಂಪುಟಕ್ಕೆ ನಾಲ್ಕು ಪ್ರತಿ, ಊರಿಗೆ ಒಂದು.

ದಾಖಲೆ ಕೋಣೆಯ ಮುಖ್ಯಸ್ಥರು ಗುರುಪಾದಪ್ಪನವರು. ಕಿತ್ತೂರು ಹತ್ತಿರದ ದೇಗಾಂವದವರು, ಮಾತು ಕಡಿಮೆ, ಬೈಗುಳ ಅದಕ್ಕಿಂತ ಸ್ವಲ್ಪ ಹೆಚ್ಚು. ಅವರದೊಂದು ಪದ್ಧತಿ ಇತ್ತು. ಪತ್ರಿಕೆ ಯಾವುದೇ ಸುದ್ದಿಗೆ ತಿದ್ದುಪಡಿ ಪ್ರಕಟಿಸಿದರೆ ಅದನ್ನು ಕತ್ತರಿಸಿ, ತಪ್ಪು ಸುದ್ದಿ ಇರುವ ಪುಟದಲ್ಲಿ, ಆ ಸುದ್ದಿಯ ನೆತ್ತಿಯ ಮೇಲೆಯೇ ಅಂಟಿಸಬೇಕು. ನಾಲ್ಕೂ ಪ್ರತಿಗಳಲ್ಲಿ ಅಂಟಿಸಬೇಕು. ಅಂಟು ಸುದ್ದಿಯ ಅಕ್ಷರಗಳನ್ನು ಮುಚ್ಚಬಾರದು. ತಪ್ಪೂ ಓದುವಂತಿರಬೇಕು, ತಿದ್ದುಪಡಿಯೂ ಓದುವಂತಿರಬೇಕು.

ಮೊದಲ ವರ್ಷ ನಾನು ಕೇಳಿದ್ದೆ: "ತಿದ್ದುಪಡಿ ಹೆಂಗೂ ನಾಕನೇ ದಿನದ ಪೇಪರಿನಾಗ ಐತಲ್ರಿ ಕಾಕಾ. ಮತ್ತ್ಯಾಕ ಇಷ್ಟು ದಗದ?"

"ತಪ್ಪು ಓದಿದಾಂವ ನಾಕು ದಿನ ಆದಮ್ಯಾಲ ಬಂದು ಅದನ್ನ ಹುಡುಕತಾನೇನು?" ಎಂದರು. "ಮುಳ್ಳು ಕಾಲಿಗೆ ಚುಚ್ಚಿದ್ರ ಕೈಗೆ ಮುಲಾಮು ಹಚ್ಚತಿಯೇನೋ ಮಂಗ್ಯಾ? ಬಸ್ ಹತ್ತು."

ಹಾಗೆ ಚೀಲದಲ್ಲಿ ಅಂಟಿನ ಬಾಟಲಿ, ಲಕೋಟೆಯಲ್ಲಿ ಚೀಟಿಗಳನ್ನು ಇಟ್ಟುಕೊಂಡು ತಿಂಗಳಿಗೊಮ್ಮೆ ಕಿತ್ತೂರಿಗೆ, ಸವದತ್ತಿಗೆ, ರಾಮದುರ್ಗಕ್ಕೆ ಹೋಗಿ ಬರುತ್ತಿದ್ದೆ. ರಾಮದುರ್ಗದ ಶಾಖೆಯವರು ನನ್ನನ್ನು ಕಂಡರೆ "ಪೋಸ್ಟರ್ ಹಚ್ಚಾಂವ ಬಂದ" ಎನ್ನುತ್ತಿದ್ದರು.

1996ರಲ್ಲಿ ಮುನವಳ್ಳಿ ಹತ್ತಿರ ಒಂದು ಟೆಂಪೊ ಉರುಳಿ ಇಬ್ಬರು ಸತ್ತರು. ಅದನ್ನು ಓಡಿಸುತ್ತಿದ್ದವನು ಹೊಲಕ್ಕೆ ಹಾರಿ ಓಡಿಹೋದ. ಹಿಂದೆ ಲಾರಿಯಲ್ಲಿ ಉಳ್ಳಾಗಡ್ಡಿ ಹೇರಿಕೊಂಡು ಬರುತ್ತಿದ್ದವರು ಯರಗಟ್ಟಿಯ ಮಕ್ತುಮಸಾಬರು. ಅವರು ಚೀಲಗಳನ್ನು ರಸ್ತೆಬದಿಗೆ ಇಳಿಸಿ, ಗಾಯಾಳುಗಳನ್ನು ಲಾರಿಗೆ ಹಾಕಿಕೊಂಡು ಸವದತ್ತಿ ದವಾಖಾನೆಗೆ ತಂದರು. ಅಲ್ಲಿನ ಪುಸ್ತಕದಲ್ಲಿ ಕರೆತಂದವರ ಹೆಸರಿನ ಮುಂದೆ "ಮಕ್ತುಮಸಾಬ, ಚಾಲಕ, ಯರಗಟ್ಟಿ" ಎಂದು ಬರೆದುಕೊಂಡರು. ನಮ್ಮ ವರದಿಗಾರ ಆ ಪುಟ ನೋಡಿ, ಚಾಲಕ ಸಿಕ್ಕ ಎಂದು ತಿಳಿದು, ಯಾರನ್ನೂ ಕೇಳದೆ ಸುದ್ದಿ ಕಳಿಸಿದ. ಚಾಲಕ ಕುಡಿದಿದ್ದ ಎಂದು ದವಾಖಾನೆಯ ಬಾಗಿಲಲ್ಲಿ ಯಾರೋ ಅಂದದ್ದನ್ನೂ ಸೇರಿಸಿದ. ಮರುದಿನ ಮೊದಲ ಪುಟದಲ್ಲಿ ಬಂದ ತಲೆಬರಹ: "ಕುಡಿದು ಟೆಂಪೊ ಉರುಳಿಸಿದ ಚಾಲಕ".

ಮಕ್ತುಮಸಾಬರು ಬೈಲಹೊಂಗಲಕ್ಕೆ ಬಂದು ಎರಡು ದಿನ ಕಚೇರಿಯ ಕಟ್ಟೆಯ ಮೇಲೆ ಕುಳಿತರು. ಜಗಳ ಮಾಡಲಿಲ್ಲ. ನಾಲ್ಕನೇ ದಿನ ಐದನೇ ಪುಟದಲ್ಲಿ, ಪೇಟೆ ಧಾರಣೆಯ ಕೆಳಗೆ, ನಾಲ್ಕು ಸಾಲಿನ ತಿದ್ದುಪಡಿ ಬಂತು. ಅದನ್ನು ನಾಲ್ಕು ಸಂಪುಟಗಳಲ್ಲೂ ನಾನೇ ಅಂಟಿಸಿದೆ. ಅಂಟಿಸಿದ ಚೀಟಿ ಬಿಚ್ಚಿಕೊಳ್ಳುವುದಿಲ್ಲ ಎಂಬ ನಂಬಿಕೆ ನನಗೆ ಅಲ್ಲಿಂದ ಬಂದದ್ದು.

2007ರಲ್ಲಿ ಮಾಲೀಕರು ಪತ್ರಿಕೆಗೆ ಅಂತರ್ಜಾಲ ತಾಣ ಮಾಡಿಸಿದರು. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿ ಸರ್ವರ್ ಹೂಡಿಕೊಟ್ಟಿತು. ಗುರುಪಾದಪ್ಪನವರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಹಳೆಯ ಸಂಚಿಕೆಗಳ ವಿಷಯ ಗೊತ್ತಿದ್ದವನು ನಾನೊಬ್ಬನೇ ಉಳಿದಿದ್ದೆ, ಕಂಪ್ಯೂಟರ್ ಕಂಡರೆ ಓಡುವವನೂ ಆಗಿರಲಿಲ್ಲ. ಹಾಗಾಗಿ ಕೆಲಸ ನನ್ನ ಕೊರಳಿಗೆ ಬಿತ್ತು. ಕಂಪನಿಯ ವಿನೋದಾ ಎಂಬ ಇಂಜಿನಿಯರ್ ಹದಿನೈದು ದಿನ ಬಂದು ಕಲಿಸಿದರು.

ತಾಣದಲ್ಲಿ ಕಾಣುವ ಎಲ್ಲ ಪುಟಗಳೂ ಸರ್ವರ್‌ನ ಒಂದು ಉಗ್ರಾಣದಲ್ಲಿ ಇರುತ್ತವೆ. ನಾವು ಅದಕ್ಕೆ ಭಂಡಾರ ಎನ್ನುತ್ತಿದ್ದೆವು. ಭಂಡಾರಕ್ಕೆ ಪುಟಗಳು ಬಂಡಲ್‌ಗಳ ಮೂಲಕ ಹೋಗುತ್ತವೆ. ಬಂಡಲ್ ಎಂದರೆ ಒಂದು ಗಂಟು: ಸ್ವಲ್ಪ ಪ್ರೋಗ್ರಾಂ, ಜೊತೆಗೆ ತುಂಬಬೇಕಾದ ಪುಟಗಳ ಒಂದು ಫೋಲ್ಡರ್. ಗಂಟಿನ ಹಣೆಯ ಮೇಲೆ ಒಂದು ಪಟ್ಟಿ. ಅದರಲ್ಲಿ ಒಂದು ಸಾಲು ಯಾವ ಫೋಲ್ಡರನ್ನು ಭಂಡಾರದ ಯಾವ ಜಾಗಕ್ಕೆ ತುಂಬಬೇಕು, ಅಲ್ಲಿ ಮೊದಲೇ ಅದೇ ಹೆಸರಿನ ಪುಟ ಇದ್ದರೆ ಅಳಿಸಿ ಬರೆಯಬೇಕೋ ಬೇಡವೋ ಎಂದು ಹೇಳುತ್ತದೆ. ಈ ಕೊನೆಯದಕ್ಕೆ ಓವರ್‌ರೈಟ್ ಎಂದು ಹೆಸರು. "ಟ್ರೂ" ಎಂದರೆ ಅಳಿಸಿ ಬರೆ, "ಫಾಲ್ಸ್" ಎಂದರೆ ಇದ್ದದ್ದನ್ನು ಮುಟ್ಟಬೇಡ. ಬಂಡಲ್‌ನ ಹೊಸ ಆವೃತ್ತಿ ಹಾಕಿದಾಗಲೆಲ್ಲ ಸರ್ವರ್ ಈ ಸಾಲನ್ನು ಓದಿ ಮತ್ತೆ ತುಂಬುತ್ತದೆ.

ಊರಿಗೊಂದರಂತೆ ನಾಲ್ಕು ಬಂಡಲ್. ಮೊದಲು ಕಟ್ಟಿದ್ದು ಬೈಲಹೊಂಗಲದ್ದು. ಅದರಲ್ಲಿ ಹಳೆಯ ಸುದ್ದಿ ಇರಲಿಲ್ಲ, ತಾಣದ ಚೌಕಟ್ಟು, ಬಣ್ಣ, ಲಾಂಛನ ಇವಷ್ಟೇ ಇದ್ದವು. ಅವನ್ನು ಯಾರೂ ಕೈಯಿಂದ ತಿದ್ದುವುದಿಲ್ಲ, ಹೊಸದು ಬಂದರೆ ಹಳೆಯದು ಹೋಗಲೇಬೇಕು. ಆದ್ದರಿಂದ ವಿನೋದಾ ಅದಕ್ಕೆ ಓವರ್‌ರೈಟ್ ಟ್ರೂ ಎಂದು ಬರೆದರು. ಅದು ಸರಿಯಾಗಿತ್ತು. ಅವರು ಹೋದ ಮೇಲೆ ಉಳಿದ ಮೂರು ಊರುಗಳ ಬಂಡಲ್‌ಗಳನ್ನು ನಾನು ಕಟ್ಟಿದೆ. ಆ ಸಾಲನ್ನು ಬೈಲಹೊಂಗಲದಿಂದ ಹಾಗೇ ಎತ್ತಿ ಮೂರಕ್ಕೂ ಇಟ್ಟೆ. ಓಡುತ್ತಿದ್ದ ಸಾಲನ್ನು ಯಾಕೆ ಮುಟ್ಟಬೇಕು ಎಂದುಕೊಂಡೆ.

ಮೊದಲ ಎಡವಟ್ಟು ಕಿತ್ತೂರಿನದು. ನಕಲು ಮಾಡುವಾಗ ಯಾವ ಜಾಗಕ್ಕೆ ಎಂಬ ಭಾಗವನ್ನು ಬದಲಿಸಲು ಮರೆತಿದ್ದೆ. ಕಿತ್ತೂರಿನ ಚಿತ್ರಗಳು ಹೋಗಿ ತಾಣದ ಚೌಕಟ್ಟಿನ ಮೇಲೆಯೇ ಕುಳಿತವು. ರಾಮದುರ್ಗದ ಪುಟ ತೆರೆದರೂ ದೇಗಾಂವದ ಕಮಲನಾರಾಯಣ ಗುಡಿ, ಪೇಟೆ ಧಾರಣೆ ತೆರೆದರೂ ಗುಡಿ. ಮ್ಯಾನೇಜರ್ ಹೊಸಮನಿ ಸಾಹೇಬರು ನೋಡಿ, "ಇರಲಿ ಬಿಡ್ರಿ, ಛಲೋ ಕಾಣತೈತಿ" ಎಂದರು. ಆ ತಪ್ಪಿನಿಂದ ಯಾರಿಗೂ ನೋವಾಗಲಿಲ್ಲ. ಅಂದೇ ಇಡೀ ಸಾಲನ್ನು ಕೂತು ಓದಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಜಾಗ ಒಂದನ್ನು ಸರಿಮಾಡಿ ಚಹಾಕ್ಕೆ ಹೋದೆ.

ಹಳೆಯ ಸಂಪುಟಗಳನ್ನು ಟೈಪ್ ಮಾಡಲು ಆಯಾ ಶಾಖೆಯಲ್ಲಿ ಜನರನ್ನು ಕೂರಿಸಲಾಗಿತ್ತು. ಚೀಟಿಗಳ ವಿಷಯ ಬಂದಾಗ ಹೊಸಮನಿ ಸಾಹೇಬರ ಆದೇಶ ಸ್ಪಷ್ಟವಾಗಿತ್ತು: "ಅಚ್ಚಾಗಿದ್ದನ್ನಷ್ಟ ಹೊಡೀರಿ. ಚೀಟಿ ಪಾಟಿ ನೋಡ್ಕೋತ ಕುಂತ್ರ ಈ ಜನ್ಮದಾಗ ಮುಗಿಯಾಂಗಿಲ್ಲ." ಆ ಆದೇಶದ ಕಾಗದವನ್ನು ಮೂರು ಶಾಖೆಗಳಿಗೂ ಕಳಿಸಿದ್ದು ನಾನು. ಕೆಳಗೆ ನನ್ನ ಸಹಿ ಇದೆ.

2008ರ ಫೆಬ್ರವರಿಯಲ್ಲಿ ಸವದತ್ತಿ ಬಂಡಲ್‌ನ ಎರಡನೇ ಆವೃತ್ತಿ ಹೋಯಿತು. ಅದರಲ್ಲಿ 1996 ಇತ್ತು. ಮಾರ್ಚ್‌ನಲ್ಲಿ ಮಕ್ತುಮಸಾಬರು ಮತ್ತೆ ಕಚೇರಿಗೆ ಬಂದರು. ಗಡ್ಡ ಬೆಳ್ಳಗಾಗಿತ್ತು. ಲೈಸೆನ್ಸ್ ಇಟ್ಟ ಪ್ಲಾಸ್ಟಿಕ್ ಚೀಲದಿಂದ ಒಂದು ಹಳದಿ ತುಂಡು ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ನಮ್ಮ ನಾಲ್ಕು ಸಾಲಿನ ತಿದ್ದುಪಡಿ.

"ಸರ, ಊರಾಗ ಒಂದು ಸಾಲಿಯವ್ರು ಬಸ್ ತಗೊಂಡಾರ. ಓಡಸಾಕ ನನ್ನ ಕರದಿದ್ರು. ಲಾರಿ ಇನ್ನ ಆಗೂದಿಲ್ಲ ನನಗ, ನಡಾ ಹಿಡದೈತಿ. ಮಕ್ಕಳನ್ನ ಕರಕೊಂಡು ಹೋಗೂದು, ತಂದು ಬಿಡೂದು, ಅಷ್ಟಾದ್ರ ಮಾಡತೇನಿ," ಎಂದರು. "ಅಲ್ಲಿ ಕಂಪ್ಯೂಟರ್ ಕಲಸೂ ಮಾಸ್ತರ ನನ್ನ ಹೆಸರು ಹೊಡದ್ರಂತ. ಕುಡುಕಂತ ಬಂತಂತ."

"ನೀವು ಕುಡೀತೀರೇನ್ರಿ?" ಎಂದು ಬದಿಯಲ್ಲಿದ್ದ ಹೊಸಮನಿ ಸಾಹೇಬರು ಕೇಳಿದರು.

ಮಕ್ತುಮಸಾಬರು ಅವರತ್ತ ನೋಡಿದರು. "ಚಾ ಕುಡೀತೇನ್ರಿ ಸಾಹೇಬ್ರ. ಕೊಟ್ರ."

ನಾನು ಭಂಡಾರದೊಳಗೆ ಹೋಗಿ ಆ ಪುಟವನ್ನು ತೆರೆದು, ಸುದ್ದಿಯ ನೆತ್ತಿಯ ಮೇಲೆ ತಿದ್ದುಪಡಿಯನ್ನು ಟೈಪ್ ಮಾಡಿದೆ. ಅವರಿಗೆ ಪರದೆಯ ಮೇಲೆ ತೋರಿಸಿದೆ. ಪ್ರಿಂಟ್ ತೆಗೆದು, ಪತ್ರಿಕೆಯ ಮೊಹರು ಹಾಕಿ ಕೊಟ್ಟೆ. "ಇದನ್ನ ಸಾಲ್ಯಾಗ ಕೊಡ್ರಿ, ಮುಗೀತು" ಎಂದೆ. ಅವರು ಕೊಟ್ಟರು. ಶಾಲೆಯವರು, ಜೂನ್‌ನಿಂದ ಬನ್ನಿ, ಅಷ್ಟರಲ್ಲಿ ಮಂಡಳಿಯ ಸಭೆಯಲ್ಲಿ ಇಡುತ್ತೇವೆ ಎಂದರು.

ಏಪ್ರಿಲ್‌ನಲ್ಲಿ ಮೂರನೇ ಆವೃತ್ತಿ ಹಾಕಿದೆ. ಇನ್ನಷ್ಟು ವರ್ಷಗಳ ಸುದ್ದಿ ಸೇರಿತ್ತು. ಓವರ್‌ರೈಟ್ ಟ್ರೂ ಇದ್ದದ್ದರಿಂದ ಬಂಡಲ್ ನನ್ನ ತಿದ್ದುಪಡಿಯನ್ನು ಅಳಿಸಿ, ತನ್ನೊಳಗಿದ್ದ ಹಳೆಯ ಪುಟವನ್ನು ಅದರ ಜಾಗದಲ್ಲಿ ಇಟ್ಟಿತು. ನನಗೆ ಗೊತ್ತಾಗಲಿಲ್ಲ. ಸಂಪುಟಕ್ಕೆ ಹಚ್ಚಿದ ಚೀಟಿಯನ್ನು ಯಾರೂ ಮರುದಿನ ಹೋಗಿ ಇದೆಯೋ ಇಲ್ಲವೋ ಎಂದು ನೋಡುವುದಿಲ್ಲ. ನಾನೂ ನೋಡಲಿಲ್ಲ.

ಮೇ ತಿಂಗಳ ಸಭೆಯಲ್ಲಿ ಮಂಡಳಿಯವರು ಒಂದು ಕೈಯಲ್ಲಿ ನನ್ನ ಪ್ರಿಂಟ್ ಹಿಡಿದು, ಎದುರಿಗೆ ತಾಣ ತೆರೆದರು. ಪ್ರಿಂಟ್‌ನಲ್ಲಿ ತಿದ್ದುಪಡಿ ಇತ್ತು, ತಾಣದಲ್ಲಿ ಇರಲಿಲ್ಲ. ಈಗ ಮಕ್ತುಮಸಾಬರ ಮೇಲೆ ಕುಡುಕ ಎಂಬ ಮಾತಿನ ಜೊತೆಗೆ ಸುಳ್ಳು ಕಾಗದ ತಂದವನು ಎಂಬ ಮಾತೂ ಬಿತ್ತು. ಅದು ನಾನು ಕೊಟ್ಟ ಕಾಗದದಿಂದ ಬಿದ್ದದ್ದು.

ಅವರು ಮೂರನೇ ಸಲ ಬೈಲಹೊಂಗಲದ ಕಟ್ಟೆ ಹತ್ತಿದರು. "ನೀವು ಮೊಹರು ಹಾಕಿದ್ದಕ್ಕ ಖೊಟ್ಟಿ ಅಂತಾರ್ರಿ ಸರ," ಎಂದರು. "ಮೊದಲ ಬರೇ ಕುಡುಕ ಇದ್ದೆ. ಈಗ ಬಡ್ತಿ ಆತು."

ನಾನು ಹುಬ್ಬಳ್ಳಿಗೆ ಫೋನ್ ಮಾಡಿದೆ. ವಿನೋದಾ ಕಂಪನಿ ಬಿಟ್ಟಿದ್ದರು. ಅವರ ಜಾಗದಲ್ಲಿದ್ದವರು ನನ್ನ ಮಾತು ಪೂರ್ತಿ ಕೇಳದೆ, "ಓವರ್‌ರೈಟ್ ಫಾಲ್ಸ್ ಮಾಡಿ ಸರ್, ಆಗುತ್ತೆ" ಎಂದು ಫೋನ್ ಇಟ್ಟರು. ಫಾಲ್ಸ್ ಮಾಡಿದೆ. ಮತ್ತೆ ತಿದ್ದುಪಡಿ ಟೈಪ್ ಮಾಡಲು ಕೂತಾಗ ಹೊಸಮನಿ ಸಾಹೇಬರು ಬಂದರು.

"ತಿದ್ದುಪಡಿ ಯಾಕ್ರಿ? ಸುದ್ದೀನ ತಗದು ಒಗೀರಿ. ಸುದ್ದಿ ಇಲ್ಲಂದ್ರ ತಂಟೆ ಇಲ್ಲ."

"ನಮ್ಮಲ್ಲಿ ಪುಟ ಹರಿಯೂ ಪದ್ಧತಿ ಇಲ್ರಿ ಸಾಹೇಬ್ರ."

"ಇದು ಪುಟ ಅಲ್ಲೋ ಮಾರಾಯಾ, ಕರೆಂಟು. ಹರಿಯಾಕ ಏನೈತಿ ಇದರಾಗ?"

ಅಳಿಸಿದೆ. ಹದಿನೇಳು ವರ್ಷದಲ್ಲಿ ಮೊದಲ ಸಲ ಒಂದು ಸುದ್ದಿಯನ್ನು ದಾಖಲೆಯಿಂದ ತೆಗೆದೆ, ಮೇಲಿನವರು ಹೇಳಿದರು ಎಂಬ ಒಂದೇ ಕಾರಣಕ್ಕೆ. ಮಕ್ತುಮಸಾಬರು ಶಾಲೆಗೆ ಹೋಗಿ ಮತ್ತೊಮ್ಮೆ ನೋಡಿರಿ ಎಂದು ಕೈ ಮುಗಿದು ಬಂದರು. ಶಾಲೆ ತೆರೆಯುವ ವಾರ, ಸೋಮವಾರ ನೋಡುತ್ತೇವೆ ಎಂದು ಅವರು ಒಪ್ಪಿದರು.

ಆ ಸೋಮವಾರವೇ ಜೂನ್ 9. ಓವರ್‌ರೈಟ್ ಫಾಲ್ಸ್ ಎಂದರೆ ಇದ್ದದ್ದನ್ನು ಮುಟ್ಟುವುದಿಲ್ಲ ಎಂದಷ್ಟೇ. ಇಲ್ಲದ್ದನ್ನು ಅದು ತುಂಬುತ್ತದೆ. ಬಂಡಲ್‌ನಲ್ಲಿ ಇರುವ ಪುಟ ಭಂಡಾರದಲ್ಲಿ ಇಲ್ಲವಾದರೆ, ಯಾರು ಯಾಕೆ ಅಳಿಸಿದರು ಎಂದು ಸರ್ವರ್ ಕೇಳುವುದಿಲ್ಲ. ಹೊಸದಾಗಿ ಇಡುತ್ತದೆ. ನಾನು ಅಳಿಸದೆ ತಿದ್ದುಪಡಿ ಹಾಕಿ ಬಿಟ್ಟಿದ್ದರೆ ಅದು ಉಳಿಯುತ್ತಿತ್ತು. ಅಳಿಸಿದ್ದರಿಂದ ಮೂಲ ಸುದ್ದಿ ಶುದ್ಧವಾಗಿ, ತಲೆಬರಹ ಸಮೇತ ಬಂದು ಕುಳಿತಿತು. ಮಧ್ಯಾಹ್ನ ಮೂರಕ್ಕೆ ಶಾಲೆಯವರು ಮಕ್ತುಮಸಾಬರಿಗೆ ಬೇಡ ಎಂದು ಹೇಳಿ ಕಳಿಸಿದರು.

ಈ ಸುದ್ದಿ ತಿಳಿದಾಗ ಹೊಸಮನಿ ಸಾಹೇಬರು ಅಂದ ಮಾತನ್ನು ಅಂದೇ ಬರೆದಿಟ್ಟುಕೊಂಡೆ. "ಮಷೀನಿನ ತಪ್ಪಿಗೆ ನಾವೇನ್ ಮಾಡಾಕ ಬರತೈತಿ?" ಮಷೀನು ತಪ್ಪು ಮಾಡಿರಲಿಲ್ಲ. ಹೇಳಿದ್ದನ್ನು ಮೂರು ಸಲವೂ ಅಕ್ಷರ ಬಿಡದೆ ಮಾಡಿತ್ತು. ಚೀಟಿ ಬಿಡಿ ಎಂದವರು ಅವರು. ಸಾಲು ನಕಲು ಮಾಡಿದವನು ನಾನು. ಫೋನನ್ನು ಅರ್ಧಕ್ಕೆ ಇಟ್ಟವರು ಹುಬ್ಬಳ್ಳಿಯವರು. ದವಾಖಾನೆಯ ಪುಸ್ತಕವನ್ನು ಅರ್ಧ ಓದಿದವನು ನಮ್ಮ ವರದಿಗಾರ. ಇಷ್ಟು ಜನರಲ್ಲಿ ಕೆಲಸ ಹೋದದ್ದು ಉಳ್ಳಾಗಡ್ಡಿ ಚೀಲ ಇಳಿಸಿ ಗಾಯಾಳುಗಳನ್ನು ಹೊತ್ತವರದು.

ಮರುದಿನ ರಜೆ ಹಾಕಿ ದೇಗಾಂವಕ್ಕೆ ಹೋದೆ. ಗುರುಪಾದಪ್ಪನವರು ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಬಂಡಲ್, ಭಂಡಾರ ಎಂದರೆ ಏನೆಂದೂ ಹೇಳಿದೆ. ಅವರು ಕೇಳುತ್ತ ಸುಲಿಯುತ್ತಲೇ ಇದ್ದರು.

"ಆ ಭಂಡಾರ ಅಂತೀಯಲ್ಲ, ಅದು ಮೂಲನೋ ನಕಲೋ?"

"ನಕಲು ಅನ್ನಬಹುದ್ರಿ ಕಾಕಾ. ಬಂಡಲ್ಲಿನಾಗ ಇದ್ದದ್ದು ಅಲ್ಲಿ ತುಂಬತೈತಿ."

"ಅಂದ್ರ ತಪ್ಪು ಇರೂದು ಗಂಟಿನಾಗ."

"ಹೌದ್ರಿ."

"ನೀ ಚೀಟಿ ಹಚ್ಚಿದ್ದೆಲ್ಲಿ?"

"ಭಂಡಾರದಾಗ್ರಿ," ಎಂದೆ.

"ಬಸ್ಸಿನಾಗ ಮೂರು ಊರು ಅಡ್ಡಾಡಿಸಿದ್ನಲ್ಲೋ ನಿನ್ನ, ಸುಮ್ಮನ ಅಡ್ಡಾಡಿಸಿದ್ನೇನು?" ಎಂದರು. ಸುಲಿದ ಶೇಂಗಾ ನನ್ನ ಕೈಗೆ ಹಾಕಿದರು. "ತಿನ್ನು. ತಿಂದು ಹೋಗು. ಇಲ್ಲಿ ಕುಂತ್ರ ಅದು ಸರಿ ಆಗಾಂಗಿಲ್ಲ."

ಅಂದು ಸಂಜೆಯಿಂದ ಸವದತ್ತಿಯ ಸಂಪುಟಗಳನ್ನು ಒಂದೊಂದಾಗಿ ತೆರೆದು ಚೀಟಿಗಳನ್ನು ಎಣಿಸಿದೆ. ಟೈಪ್ ಆದ ವರ್ಷಗಳಲ್ಲಿ ನಲವತ್ತೊಂದು ಚೀಟಿಗಳಿದ್ದವು. ನಲವತ್ತೊಂದು ತಪ್ಪುಗಳು ತಿದ್ದುಪಡಿಯಿಲ್ಲದೆ ಬಂಡಲ್ ಸೇರಿದ್ದವು. ಒಬ್ಬ ಅಂಗಡಿಕಾರರನ್ನು ಕಲಬೆರಕೆಗಾರ ಎಂದಿದ್ದೆವು. ಒಬ್ಬ ಶಿಕ್ಷಕಿಯ ಹೆಸರಿನ ಮುಂದೆ ಬೇರೊಬ್ಬರ ಅಮಾನತು ಹಾಕಿದ್ದೆವು. ಅವರಲ್ಲಿ ಯಾರೂ ಕಚೇರಿಗೆ ಬಂದಿರಲಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ ಎಂದು ಕಾಣುತ್ತದೆ.

ಬಂಡಲ್‌ನೊಳಗಿನ ಮೂಲ ಫೈಲುಗಳಲ್ಲಿಯೇ, ಪ್ರತಿ ಸುದ್ದಿಯ ನೆತ್ತಿಗೆ ತಿದ್ದುಪಡಿ ಸೇರಿಸುತ್ತೇನೆ ಎಂದು ಹೊಸಮನಿ ಸಾಹೇಬರಿಗೆ ಬರೆದು ಕೊಟ್ಟೆ. ಜೊತೆಗೆ ಶಾಲೆಗೆ ಪತ್ರಿಕೆಯ ಪರವಾಗಿ ಒಂದು ಪತ್ರ ಬೇಕೆಂದು ಕೇಳಿದೆ.

"ಕೊಟ್ರ ಸಂಸ್ಥೆ ತಪ್ಪು ಒಪ್ಪಿಕೊಂಡಂಗ ಆಗತೈತಿ," ಎಂದರು.

"ಹನ್ನೆರಡು ವರ್ಷದ ಹಿಂದ ಒಪ್ಪಿಕೊಂಡೇವಲ್ರಿ. ಅಚ್ಚು ಹಾಕಿ."

"ಅದು ಐದನೇ ಪುಟ," ಎಂದರು ಹೊಸಮನಿ ಸಾಹೇಬರು.

ಪತ್ರ ಸಿಗಲಿಲ್ಲ. ಬಂಡಲ್ ಮುಟ್ಟಬೇಡಿ ಎಂಬ ಮೌಖಿಕ ಆದೇಶ ಬಂತು. ಮೌಖಿಕವಾದ್ದರಿಂದ ನಾನು ಅದನ್ನು ದಾಖಲಿಸಿಕೊಂಡು ಕೆಲಸ ಮುಂದುವರಿಸಿದೆ. ಈ ಸಲ ಸಾಲನ್ನು ಓದಿ, ಮೂಲದಲ್ಲಿಯೇ ತಿದ್ದಿದ ನಂತರ, ಆ ಒಂದು ಆವೃತ್ತಿಗೆ ಮಾತ್ರ ಓವರ್‌ರೈಟ್ ಟ್ರೂ ಎಂದು ತಿಳಿದೇ ಬರೆದೆ. ಆಗಸ್ಟ್‌ನಲ್ಲಿ ಐದನೇ ಆವೃತ್ತಿ ಹೋಯಿತು. ಹಾಕಿದ ಮೇಲೆ ನಲವತ್ತೊಂದು ಪುಟಗಳನ್ನೂ ತಾಣದಲ್ಲಿ ತೆರೆದು ನೋಡಿದೆ. ಆಮೇಲೆ ಸಾಲನ್ನು ಫಾಲ್ಸ್‌ಗೆ ತಂದೆ. ಮುಂದಿನ ವಾರ ನನ್ನನ್ನು ಜಾಹೀರಾತು ವಿಭಾಗಕ್ಕೆ ಹಾಕಿದರು. ಐದು ತಿಂಗಳ ನಂತರ, ಸರ್ವರ್ ನೋಡುವವರು ಬೇರೆ ಯಾರೂ ಸಿಗದೆ ವಾಪಸ್ ಕರೆದರು.

ನೀವು ಈ ಕೆಲಸಕ್ಕೆ ಸೇರಿದ ದಿನವೇ ಬಂಡಲ್‌ನ ಹಣೆಪಟ್ಟಿ ತೆರೆದು ಆ ಸಾಲನ್ನು ಓದಿ. ಯಾವ ಫೋಲ್ಡರ್, ಯಾವ ಜಾಗ, ಇದ್ದದ್ದನ್ನು ಅಳಿಸುತ್ತದೆಯೋ, ಇಲ್ಲದ್ದನ್ನು ತುಂಬುತ್ತದೆಯೋ. ಅದನ್ನು ಬರೆದವರು ಯಾವ ಪುಟಗಳನ್ನು ಮನಸ್ಸಿನಲ್ಲಿಟ್ಟು ಬರೆದರು ಎಂದು ಕೇಳಿ. ಯಾರಿಗೂ ಗೊತ್ತಿಲ್ಲ ಎಂದರೆ ಅದು ನಕಲು ಮಾಡಿದ ಸಾಲು. ಪರದೆಯ ಮೇಲೆ ತಿದ್ದಿದ್ದನ್ನು ಮೂಲದಲ್ಲಿ ತಿದ್ದುವವರೆಗೆ ಯಾರಿಗೂ ಮೊಹರು ಹಾಕಿದ ಕಾಗದ ಕೊಡಬೇಡಿ.

ಐದನೇ ಆವೃತ್ತಿ ಹೋದ ಮೇಲೆ ನಾನು ನನ್ನ ಹೆಸರಿನಲ್ಲಿಯೇ ಒಂದು ಪತ್ರ ಬರೆದುಕೊಂಡು, ಮಕ್ತುಮಸಾಬರ ಜೊತೆ ಆ ಶಾಲೆಗೆ ಹೋದೆ. ಚೀಲದಲ್ಲಿ ನಾಲ್ಕು ಸಾಲಿನ ಒಂದು ಚೀಟಿ, ಅಂಟಿನ ಬಾಟಲಿ ಇದ್ದವು. ಶಾಲೆಯ ಬಸ್ಸಿಗೆ ಬೇರೆ ಚಾಲಕ ಬಂದಿದ್ದರು. ಅದು ಅವರ ತಪ್ಪಲ್ಲ. ಗುಮಾಸ್ತರು ಕಡತ ತೆಗೆದು ತೋರಿಸಿದರು. ನಾನು ಕೊಟ್ಟ ಪ್ರಿಂಟ್ ಅದರಲ್ಲಿತ್ತು, ನಮ್ಮ ಮೊಹರಿನ ಪಕ್ಕ ಕೆಂಪು ಶಾಯಿಯಲ್ಲಿ "ಖೊಟ್ಟಿ" ಎಂದು ಬರೆದಿತ್ತು. ಅದರ ಮೇಲೆ ಈ ಚೀಟಿ ಅಂಟಿಸಲು ಬಿಡಿ ಎಂದು ಕೇಳಿದೆ.

"ದಾಖಲೆಗೆ ಕೈ ಹಚ್ಚಾಂಗಿಲ್ರಿ," ಎಂದು ಅವರು ಕಡತ ಕಟ್ಟಿದರು.

ಮಕ್ತುಮಸಾಬರು ಹೊರಗೆ ಬಂದು, "ಹೋಗಲಿ ಬಿಡ್ರಿ ಸರ. ಬರ್ರಿ, ಚಾ ಕುಡಿಯೂಣು. ಅದನ್ನಷ್ಟ ಕುಡೀತೇನಿ ಅಂತ ನಿಮಗಾದ್ರ ಗೊತ್ತೈತಿ," ಎಂದರು.

ನಾನು 2009ರ ಡಿಸೆಂಬರ್ ಕೊನೆಗೆ ನಿವೃತ್ತನಾದೆ. ಅಂದಿಗೆ ಸವದತ್ತಿ ಬಂಡಲ್‌ನ ಒಂಬತ್ತನೇ ಆವೃತ್ತಿ ಓಡುತ್ತಿತ್ತು, ಸುದ್ದಿಯ ನೆತ್ತಿಯ ಮೇಲೆ ತಿದ್ದುಪಡಿ ಇತ್ತು. ಮಕ್ತುಮಸಾಬರು ನವಿಲುತೀರ್ಥದ ಕಡೆ ಒಬ್ಬರ ಟ್ರ್ಯಾಕ್ಟರ್ ಓಡಿಸುತ್ತಿದ್ದಾರೆ. ಶಾಲೆಯ ಕಡತದಲ್ಲಿ ಆ ಪ್ರಿಂಟ್ ಇದೆ. ಅದರ ಮೇಲಿನ ಕೆಂಪು ಅಕ್ಷರ ಹಾಗೇ ಇದೆ.